ಸದ್ದಿನ ಊರು, ಸದ್ದಿಲ್ಲದ ಸಿನಿಮಾ

1954ರಲ್ಲಿ ಬೆಂಗಳೂರಿನ ವಾಯವ್ಯಕ್ಕಿದ್ದ ಜಾಲಹಳ್ಳಿಗೆ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಬಂತು. ಅದರ ಹಿಂದಿನ ವರ್ಷವಷ್ಟೇ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ (ಎಚ್‌ಎಂಟಿ) ಹುಟ್ಟಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನಾ ಆಸ್ಪತ್ರೆಯನ್ನೂ ಇಟಲಿಯ ಯುದ್ಧಕೈದಿಗಳನ್ನೂ ಕಂಡಿದ್ದ ಈ ಹಳ್ಳಿ ಕೆಲವೇ ವರ್ಷಗಳಲ್ಲಿ ಕಾರ್ಖಾನೆಯ ಊರಾಯಿತು. ಅದೇ 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ ತೆರೆಗೆ ಬಂದು ಮುತ್ತುರಾಜ ಎಂಬ ನಾಟಕದ ಹುಡುಗ ರಾಜಕುಮಾರ್ ಆದ. ಮುಂದಿನ ಮೂರು ನಾಲ್ಕು ದಶಕ ಜಾಲಹಳ್ಳಿಯ ದುಡಿಮೆಯ ಹೊತ್ತನ್ನು ಸೈರನ್ ಆಳಿತು, ಬಿಡುವಿನ ಹೊತ್ತನ್ನು ರಾಜಕುಮಾರ್ ಆಳಿದರು. ಇವೆರಡರ ನಡುವೆ ಇನ್ನೊಂದು ಬಗೆಯ ಸಿನಿಮಾ ಸಣ್ಣ ದನಿಯಲ್ಲಿ ಒಳಗೆ ಬಂತು. ಅದರಲ್ಲಿ ಹಾಡಿರಲಿಲ್ಲ, ಹೊಡೆದಾಟವಿರಲಿಲ್ಲ, ಪಾತ್ರಗಳು ತಮ್ಮ ಸಂಕಟವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅದು ಹೋದಲ್ಲೆಲ್ಲ ನೋಡುಗರು ಎರಡು ಪಾಲಾದರು. ಇವತ್ತಿಗೂ ಆಗುತ್ತಿದ್ದಾರೆ.

ಒಂದೇ ಸಾಲಿನಲ್ಲಿ ಕೂತು ಒಂದೇ ಚಿತ್ರ ನೋಡಿದವರಲ್ಲಿ ಒಬ್ಬರು ‘ಏನೂ ಆಗಲೇ ಇಲ್ಲವಲ್ಲ’ ಎಂದು ಎದ್ದರೆ, ಇನ್ನೊಬ್ಬರಿಗೆ ಎರಡು ದಿನ ಅದೇ ಗುಂಗು. ಇದಕ್ಕೆ ಕನ್ನಡದಲ್ಲಿ ಎರಡು ಸಿದ್ಧ ವಿವರಣೆಗಳಿವೆ. ಅಂಥ ಚಿತ್ರ ಅರ್ಥವಾಗಲು ಓದು ಬೇಕು, ಸಂಸ್ಕಾರ ಬೇಕು ಎನ್ನುವುದು ಒಂದು. ಅದನ್ನು ಮೆಚ್ಚುವವರು ಮೆಚ್ಚಿದ ಹಾಗೆ ನಟಿಸುತ್ತಾರೆ, ಪ್ರಶಸ್ತಿ ಬಂದದ್ದಕ್ಕೆ ತಲೆದೂಗುತ್ತಾರೆ ಎನ್ನುವುದು ಇನ್ನೊಂದು. ಎರಡೂ ಅವಸರದ ತೀರ್ಪುಗಳು. ಕನ್ನಡದ ಈ ಬಗೆಯ ಸಿನಿಮಾದ ಇತಿಹಾಸವನ್ನು ಜಾಲಹಳ್ಳಿಯಂಥ ಊರಿನ ಕಡೆಯಿಂದ ನೋಡಿದರೆ ಬೇರೆಯೇ ಕಾರಣ ಕಾಣುತ್ತದೆ. ನೋಡುಗ ಆ ಚಿತ್ರವನ್ನು ಎಲ್ಲಿ ನೋಡಿದ, ಯಾರ ಜೊತೆ ನೋಡಿದ, ಅವನ ಕಣ್ಣು ಕಿವಿಗಳಿಗೆ ಅಲ್ಲಿಯವರೆಗೆ ಯಾವ ರೂಢಿಯಾಗಿತ್ತು, ಅವನ ಬದುಕು ಅವನಿಗೆ ಯಾವ ಬಗೆಯ ಕಾಯುವಿಕೆಯನ್ನು ಕಲಿಸಿತ್ತು ಎಂಬುದರ ಮೇಲೆ ಬಹುಪಾಲು ನಿಂತಿದೆ.

ಮೊದಲು ಆ ರೂಢಿಯ ಮಾತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಜಾಲಹಳ್ಳಿಯಲ್ಲೇ ಶುರುವಾಯಿತು. ಮೆಷಿನ್ ಶಾಪಿನ ಲೇತು, ಮಿಲ್ಲಿಂಗು, ಗ್ರೈಂಡಿಂಗಿನ ಸದ್ದಿನಲ್ಲಿ ಪಾಳಿ ಮುಗಿಸಿದವರಿಗೆ ವಾರದ ರಜೆಯೆಂದರೆ ಬಸ್ಸು ಹತ್ತಿ ಮೆಜೆಸ್ಟಿಕ್‌ಗೆ ಹೋಗುವುದು. ಕೆಂಪೇಗೌಡ ರಸ್ತೆಯಲ್ಲೂ ಅದರ ಆಸುಪಾಸಿನಲ್ಲೂ ಸಾಗರ್, ತ್ರಿವೇಣಿ, ಕಪಾಲಿ, ಸಂತೋಷ್, ನರ್ತಕಿ ನಿಂತಿದ್ದ ಕಾಲ ಅದು. ಅಷ್ಟು ದೂರ ಹೋಗಲಾಗದವರಿಗೆ ಟೆಂಟು ಇತ್ತು. ಕಾರ್ಖಾನೆಯ ಕಾಲೊನಿಗಳಲ್ಲಿ ಗಣೇಶನ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಬಯಲಿನಲ್ಲಿ ಬಿಳಿ ಪರದೆ ಕಟ್ಟಿ 16 ಎಂಎಂ ಚಿತ್ರ ತೋರಿಸುವ ವಾಡಿಕೆಯೂ ಇತ್ತು. ಪರದೆಯ ಹಿಂದೆ ಕೂತವರು ಅಕ್ಷರಗಳನ್ನು ಉಲ್ಟಾ ಓದುತ್ತಲೇ ಪೂರ್ತಿ ಚಿತ್ರ ನೋಡಿ ಏಳುತ್ತಿದ್ದರು.

ಇಂಥ ಜಾಗಗಳಲ್ಲಿ ಪ್ರೊಜೆಕ್ಟರ್ ಗರಗರ ಎನ್ನುತ್ತದೆ, ಮಕ್ಕಳು ಅಳುತ್ತವೆ, ಕಡಲೆಕಾಯಿ ಮಾರುವವನು ನಡುವೆ ಓಡಾಡುತ್ತಾನೆ, ರೀಲು ಬದಲಾಯಿಸುವಾಗ ಕತೆ ನಿಲ್ಲುತ್ತದೆ. ಅಲ್ಲಿ ಕೊನೆಯ ಸಾಲಿನಲ್ಲಿ ಕೂತವನಿಗೂ ಮುಟ್ಟಬೇಕಾದರೆ ಮಾತು ಗಟ್ಟಿಯಾಗಿರಬೇಕು, ದುಃಖ ಬರುವ ಮುಂಚೆಯೇ ಪಿಟೀಲು ಅದನ್ನು ಸಾರಬೇಕು, ಖಳನ ನಗು ಹೊರಗಿನ ರಸ್ತೆಗೂ ಕೇಳಬೇಕು. ಕನ್ನಡದ ಜನಪ್ರಿಯ ಚಿತ್ರ ಕಂಪನಿ ನಾಟಕದ ಮನೆಯಿಂದಲೇ ಬಂದದ್ದು. ‘ಬೇಡರ ಕಣ್ಣಪ್ಪ’ದ ಹಿಂದೆಯೂ ಗುಬ್ಬಿ ಕಂಪನಿಯೇ ಇತ್ತು. ಮೈಕಿಲ್ಲದ ಕಾಲದಲ್ಲಿ ಸಾವಿರ ಜನರಿಗೆ ಕೇಳಿಸುವ ಹಾಗೆ ಮಾತಾಡಿದ ನಟರು ಆ ಕಂಠವನ್ನು ತೆರೆಗೂ ತಂದರು. ಆ ಗಟ್ಟಿತನ ಕೊರತೆಯಲ್ಲ, ಅಂದಿನ ಜಾಗಕ್ಕೆ ತಕ್ಕ ಕಲೆ. ಆದರೆ ಅದು ನೋಡುಗನ ಜೊತೆ ಒಂದು ಒಪ್ಪಂದವನ್ನೂ ಮಾಡಿಕೊಂಡಿತ್ತು. ಎಲ್ಲವನ್ನೂ ನಾವೇ ಹೇಳುತ್ತೇವೆ, ನೀವು ಬಂದು ಕೂತರೆ ಸಾಕು ಎಂಬ ಒಪ್ಪಂದ. ದಿನವಿಡೀ ದುಡಿದು ಬಂದವರಿಗೆ ಅದು ದೊಡ್ಡ ಉಪಕಾರವೇ ಆಗಿತ್ತು.

ಈ ಒಪ್ಪಂದವನ್ನು ಕನ್ನಡದಲ್ಲಿ ಜೋರಾಗಿ ಮುರಿದದ್ದು 1970ರ ‘ಸಂಸ್ಕಾರ’. ಯು.ಆರ್. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಆಸ್ಟ್ರೇಲಿಯಾದ ಟಾಮ್ ಕೋವನ್ ಅವರ ಕ್ಯಾಮೆರಾ, ರಾಜೀವ ತಾರಾನಾಥರ ಸಂಗೀತ. ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯ, ಲಂಕೇಶರು ನಾರಣಪ್ಪ, ಸ್ನೇಹಲತಾ ರೆಡ್ಡಿ ಚಂದ್ರಿ. ಮದರಾಸಿನ ಸೆನ್ಸಾರ್ ಮಂಡಳಿ ಅದನ್ನು ತಡೆಹಿಡಿಯಿತು. ಆಮೇಲೆ ಬಿಡುಗಡೆಯೂ ಆಯಿತು, ರಾಷ್ಟ್ರಪತಿಗಳ ಸ್ವರ್ಣಪದಕವೂ ಬಂತು. ಆಗ ನಡೆದ ಜಗಳ ಮಾತ್ರ ಚಿತ್ರದ ಲಯದ ಬಗ್ಗೆ ಅಲ್ಲ. ಒಂದು ಜಾತಿಯ ಮಾನದ ಬಗ್ಗೆ, ಅಗ್ರಹಾರದೊಳಗಿನ ಹೆಣದ ಬಗ್ಗೆ ನಡೆದ ಜಗಳ ಅದು. ಚಿತ್ರ ನೋಡದವರೂ ಅದರಲ್ಲಿ ಭಾಗವಹಿಸಿದರು. ‘ಸಂಸ್ಕಾರ’ ಮೆಲುದನಿಯ ಚಿತ್ರವೆಂಬುದನ್ನು ಗಮನಿಸುವ ವ್ಯವಧಾನ ಆ ಗದ್ದಲದಲ್ಲಿ ಯಾರಿಗೂ ಉಳಿಯಲಿಲ್ಲ.

ಲಯದ ಬಗ್ಗೆಯೇ ನಿಜವಾದ ಭಿನ್ನಾಭಿಪ್ರಾಯ ಎದ್ದದ್ದು ಏಳು ವರ್ಷದ ನಂತರ. 1977ರ ‘ಘಟಶ್ರಾದ್ಧ’ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಆಗಷ್ಟೇ ಬಂದಿದ್ದ ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ. ಕತೆ ಮತ್ತೆ ಅನಂತಮೂರ್ತಿಯವರದೇ. ವೇದಪಾಠದ ಮನೆಗೆ ಬಂದ ಪುಟ್ಟ ಹುಡುಗ ನಾಣಿ, ಆ ಮನೆಯ ವಿಧವೆ ಮಗಳು ಯಮುನಕ್ಕ, ಅವಳು ಬಸಿರಾಗುವುದು, ಊರು ಅವಳನ್ನು ಬದುಕಿರುವಾಗಲೇ ಸತ್ತವಳೆಂದು ಶ್ರಾದ್ಧ ಮಾಡಿ ಹೊರಹಾಕುವುದು. ಈ ಕತೆಯಲ್ಲಿ ಕಣ್ಣೀರಿನ ಕೊಡಗಳೇ ಇವೆ. ಕಾಸರವಳ್ಳಿ ಅವುಗಳಲ್ಲಿ ಒಂದನ್ನೂ ನೋಡುಗರ ಮೇಲೆ ಸುರಿಯಲಿಲ್ಲ. ಎಲ್ಲವನ್ನೂ ನಾಣಿಯ ಕಣ್ಣಿನಿಂದ ತೋರಿಸಿದರು, ಮತ್ತು ನಾಣಿಗೆ ನಡೆಯುತ್ತಿರುವುದು ಅರ್ಧಕ್ಕರ್ಧ ಅರ್ಥವಾಗುವುದಿಲ್ಲ. ಅವನಿಗೆ ತಿಳಿಯದ್ದನ್ನು ಚಿತ್ರವೂ ಬಿಡಿಸಿ ಹೇಳುವುದಿಲ್ಲ. ಎಸ್. ರಾಮಚಂದ್ರ ಅವರ ಕಪ್ಪು–ಬಿಳುಪಿನ ಕ್ಯಾಮೆರಾ ಮನೆಯ ಕತ್ತಲೆಯಲ್ಲಿ ತಾಳ್ಮೆಯಿಂದ ನಿಲ್ಲುತ್ತದೆ. ಬಿ.ವಿ. ಕಾರಂತರ ಸಂಗೀತ ಬೇಕಾದಲ್ಲಿ ಮಾತ್ರ ಬಂದು ಸುಮ್ಮನಾಗುತ್ತದೆ. ಕೊನೆಗೆ ತಲೆ ಬೋಳಿಸಿಕೊಂಡು ಮರದ ಕೆಳಗೆ ಒಂಟಿಯಾಗಿ ಕೂತ ಯಮುನಕ್ಕನನ್ನು ಊರು ಬಿಟ್ಟು ಹೊರಟ ಹುಡುಗ ನೋಡುತ್ತಾನೆ. ಅವಳ ಬಾಯಲ್ಲಿ ಶಾಪವಿಲ್ಲ, ಅವನ ಬಾಯಲ್ಲಿ ಪ್ರಶ್ನೆಯಿಲ್ಲ.

ಅದೇ ದಶಕದ ಆರಂಭದಲ್ಲಿ, 1971ರಲ್ಲಿ, ತ್ರಿವೇಣಿಯವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲರು ‘ಶರಪಂಜರ’ ಮಾಡಿದ್ದರು. ಅದೂ ಸಮಾಜದ ಕಣ್ಣಿಗೆ ಸಿಕ್ಕಿ ನುಚ್ಚುನೂರಾಗುವ ಹೆಣ್ಣಿನ ಕತೆಯೇ. ಕಲ್ಪನಾ ಅವರ ಕಾವೇರಿ ನಗುತ್ತಾಳೆ, ಕೂಗುತ್ತಾಳೆ, ಕುಸಿಯುತ್ತಾಳೆ. ಇಡೀ ಕರ್ನಾಟಕ ಅವಳ ಜೊತೆ ಅತ್ತಿತು. ‘ಶರಪಂಜರ’ ನೋಡಿ ಅತ್ತವರಿಗೆ ಹೆಣ್ಣಿನ ಸಂಕಟ ತಿಳಿಯದೆಂದು ಹೇಳುವವರು ಯಾರು? ಆದರೂ ಅವರಲ್ಲಿ ಹಲವರು ಯಮುನಕ್ಕನ ಎದುರು ಕೈಕಟ್ಟಿ ಕೂತರು. ಕಾವೇರಿ ತನ್ನ ನೋವನ್ನು ತಾನೇ ತಂದು ಕೊಡುತ್ತಾಳೆ. ಯಮುನಕ್ಕನ ನೋವನ್ನು ನಾವೇ ಹೋಗಿ ತೆಗೆದುಕೊಳ್ಳಬೇಕು. ಕೊಡುವುದನ್ನು ತೆಗೆದುಕೊಳ್ಳಲು ಇಪ್ಪತ್ತು ವರ್ಷ ರೂಢಿಯಾದವರನ್ನು, ನೀವೇ ಎದ್ದು ಬನ್ನಿ ಎಂದು ಒಮ್ಮೆಗೇ ಕರೆದರೆ ಕೆಲವರು ಬರುತ್ತಾರೆ, ಕೆಲವರು ಕೂತಲ್ಲೇ ಉಳಿಯುತ್ತಾರೆ. ಒಡಕಿನ ಬೇರು ಇರುವುದು ಇಲ್ಲಿ.

ಇದು ಕನ್ನಡಕ್ಕಷ್ಟೇ ಬಂದ ಕಷ್ಟವಲ್ಲ. 1955ರ ಆಗಸ್ಟ್‌ನಲ್ಲಿ ಕಲ್ಕತ್ತೆಯಲ್ಲಿ ‘ಪಥೇರ್ ಪಾಂಚಾಲಿ’ ಬಿಡುಗಡೆಯಾದಾಗ ಮೊದಲ ದಿನಗಳಲ್ಲಿ ಜನ ಅಷ್ಟಾಗಿ ಬರಲಿಲ್ಲ. ಬಾಯಿಂದ ಬಾಯಿಗೆ ಸುದ್ದಿ ಹರಡಿದ ಮೇಲೆ ಚಿತ್ರಮಂದಿರ ತುಂಬತೊಡಗಿತು. 1960ರ ಕಾನ್ ಚಿತ್ರೋತ್ಸವದಲ್ಲಿ ಇಟಲಿಯ ಆಂಟೋನಿಯೋನಿ ಅವರ ‘ಲಾವೆಂತೂರಾ’ ತೋರಿಸಿದಾಗ ಸಭಿಕರೇ ಹೀಯಾಳಿಸಿ ಕೂಗಿದರು. ಮರುದಿನ ಹಲವು ನಿರ್ದೇಶಕರು, ವಿಮರ್ಶಕರು ಸಹಿ ಹಾಕಿ ಚಿತ್ರದ ಪರವಾಗಿ ಹೇಳಿಕೆ ಕೊಟ್ಟರು. ಅದೇ ಉತ್ಸವದಲ್ಲಿ ಅದಕ್ಕೆ ಜ್ಯೂರಿ ಬಹುಮಾನವೂ ಬಂತು. ಕಾನ್‌ನಲ್ಲಿ ಕೂಗಿದವರು ಅನಕ್ಷರಸ್ಥರಾಗಿರಲಿಲ್ಲ, ಹಳ್ಳಿಗರಾಗಿರಲಿಲ್ಲ. ಸಿನಿಮಾವನ್ನೇ ಬದುಕಾಗಿಸಿಕೊಂಡವರು. ಓದು, ಸಂಸ್ಕಾರಗಳ ವಾದ ಅಲ್ಲಿಗೇ ಬಿದ್ದುಹೋಗುತ್ತದೆ.

ಆ ವಾದಕ್ಕೆ ಇದಕ್ಕಿಂತ ಗಟ್ಟಿ ಉತ್ತರ ಕೊಟ್ಟದ್ದು ನಮ್ಮದೇ ಮಲೆನಾಡು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ 1970ರ ದಶಕದಲ್ಲಿ ಚಿತ್ರಸಮಾಜವನ್ನೂ ಕಟ್ಟಿತು. ಕೆ.ವಿ. ಸುಬ್ಬಣ್ಣನವರು ಅಡಿಕೆ ತೋಟದವರಿಗೆ, ಶಾಲೆಯ ಮೇಷ್ಟ್ರಿಗೆ, ಮನೆಯ ಹೆಂಗಸರಿಗೆ ‘ಬೈಸಿಕಲ್ ಥೀವ್ಸ್’, ‘ರಾಶೋಮನ್’, ‘ಪಥೇರ್ ಪಾಂಚಾಲಿ’ಗಳನ್ನು ತೋರಿಸಿದರು. ಚಿತ್ರ ತೋರಿಸುವ ಮೊದಲು ಅದರ ಬಗ್ಗೆ ಕನ್ನಡದಲ್ಲಿ ಹೇಳುತ್ತಿದ್ದರು, ಮುಗಿದ ಮೇಲೆ ಕೂತು ಮಾತಾಡುತ್ತಿದ್ದರು. ಪುಣೆಯಿಂದ ಪ್ರೊ. ಸತೀಶ್ ಬಹಾದೂರ್ ಬಂದು ಚಿತ್ರ ನೋಡುವ ಬಗೆಯನ್ನು ಪಾಠ ಮಾಡಿದರು. 1980ರ ದಶಕದ ನಡುವಿನಲ್ಲಿ ‘ಜನಸ್ಪಂದನ’ ಎಂಬ ಯೋಜನೆಯಲ್ಲಿ ಈ ಚಿತ್ರಗಳು ಹಳ್ಳಿಯಿಂದ ಹಳ್ಳಿಗೆ ಹೋದವು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಇಂಥ ಕೆಲಸಗಳಿಗೇ. ಇಟಲಿಯ ಸೈಕಲ್ ಕಳ್ಳತನ ಸಾಗರದ ರೈತನಿಗೆ ದೂರದ ಸಂಗತಿಯಾಗಲಿಲ್ಲ, ಏಕೆಂದರೆ ಅವನನ್ನು ಯಾರೋ ಕೈಹಿಡಿದು ಆ ಸಿನಿಮಾದ ಬಾಗಿಲವರೆಗೆ ಕರೆದುಕೊಂಡು ಹೋದರು, ಆಮೇಲೆ ಅವನ ಮಾತನ್ನೂ ಕೇಳಿಸಿಕೊಂಡರು.

ಬೆಂಗಳೂರಿನಲ್ಲಿ ಆ ಕೆಲಸಕ್ಕೆ ಚಿತ್ರಸಮಾಜಗಳಿದ್ದವು. ‘ಸುಚಿತ್ರ’ ಆರಂಭವಾದದ್ದು 1971ರಲ್ಲಿ; ಕೊನೆಗೆ ಅದು ಬನಶಂಕರಿ ಎರಡನೇ ಹಂತದಲ್ಲಿ ಸ್ವಂತ ಕಟ್ಟಡ ಕಟ್ಟಿಕೊಂಡಿತು. 1980ರಲ್ಲಿ ನಗರದಲ್ಲಿ ಫಿಲ್ಮೋತ್ಸವ ನಡೆಯಿತು, 1992ರಲ್ಲಿ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವವೂ ಇಲ್ಲಿಗೆ ಬಂತು. ಇವೆಲ್ಲ ಹೆಮ್ಮೆಯ ಸಂಗತಿಗಳೇ. ಆದರೆ ನಗರದ ನಕ್ಷೆ ಹಾಸಿ ನೋಡಿದರೆ ಒಂದು ಅಂತರ ಕಾಣುತ್ತದೆ. ಮೆಲುದನಿಯ ಸಿನಿಮಾ ನೆಲೆಗೊಂಡದ್ದು ಹೆಚ್ಚಾಗಿ ದಕ್ಷಿಣದ ಬಡಾವಣೆಗಳಲ್ಲಿ. ಕಾರ್ಖಾನೆಗಳು ನಿಂತದ್ದು ಜಾಲಹಳ್ಳಿ, ಪೀಣ್ಯ, ದೂರವಾಣಿನಗರ, ಎಚ್‌ಎಎಲ್ ಕಡೆ. ಎರಡನೇ ಪಾಳಿ ಮುಗಿಸಿ ರಾತ್ರಿ ಮನೆಗೆ ಬರುವ ಕಾರ್ಮಿಕ ಸಂಜೆ ಆರೂವರೆಯ ಪ್ರದರ್ಶನಕ್ಕೆ ಬನಶಂಕರಿಗೆ ಹೋಗುವುದು ಹೇಗೆ? ಅಭಿರುಚಿ ಎಂದು ನಾವು ಸುಲಭವಾಗಿ ಹೇಳಿಬಿಡುವುದರಲ್ಲಿ ಬಸ್ಸಿನ ವೇಳಾಪಟ್ಟಿಯ ಪಾಲೂ ಇತ್ತು.

ಕಾರ್ಖಾನೆಯವರಿಗೆ ಕಲೆಯ ಹಸಿವಿರಲಿಲ್ಲ ಎಂದು ಯಾರೂ ತಿಳಿಯಬಾರದು. ಸಾರ್ವಜನಿಕ ಉದ್ದಿಮೆಗಳ ಕನ್ನಡ ಸಂಘಗಳು ನಾಟಕ ಆಡಿಸಿದವು, ಕವಿಗಳನ್ನು ಕರೆಸಿದವು, ಗೋಕಾಕ್ ಚಳವಳಿಯ ದಿನಗಳಲ್ಲಿ ಬೀದಿಗಿಳಿದವು. ಹವ್ಯಾಸಿ ರಂಗಭೂಮಿಗೂ ಆಮೇಲೆ ಹೊಸ ಅಲೆಯ ಚಿತ್ರಗಳಿಗೂ ಆ ಕಡೆಯಿಂದ ಬಂದವರಿದ್ದಾರೆ. ವಾಯುಪಡೆಯಲ್ಲಿ ಅಧಿಕಾರಿಯಾಗಿ, ಬಳಿಕ ಎಚ್‌ಎಎಲ್‌ನಲ್ಲಿ ದುಡಿದ ದತ್ತಣ್ಣನವರೇ ಇದಕ್ಕೆ ಸಾಕ್ಷಿ. ‘ಭಾರತ್ ಸ್ಟೋರ್ಸ್’ನ ಮುದಿ ಅಂಗಡಿಗಾರನಾಗಿ ಅವರು ಹೆಚ್ಚು ಮಾತಿಲ್ಲದೆ ಕೂತ ಕೂರುವಿಕೆಯಲ್ಲಿ ಒಂದು ಇಡೀ ಕಾಲ ಮುಚ್ಚಿಹೋಗುವುದು ಕಾಣುತ್ತದೆ.

ಜಾಲಹಳ್ಳಿಯ ಮನೆಗಳಿಗೆ ಮೆಲುದನಿಯ ಸಿನಿಮಾ ನೇರವಾಗಿ ಬಂದದ್ದು ದೂರದರ್ಶನದಿಂದ. ಇದರಲ್ಲಿ ಊರಿನ ಕೈವಾಡವೂ ಇದೆ. ದೂರದರ್ಶನಕ್ಕೆ ಟ್ರಾನ್ಸ್‌ಮಿಟರುಗಳನ್ನು ಒದಗಿಸಿದ್ದು ಬಿಇಎಲ್, ಕಪ್ಪು–ಬಿಳುಪು ಟಿ.ವಿ.ಯ ಪಿಕ್ಚರ್ ಟ್ಯೂಬುಗಳನ್ನೂ ಅದು ತಯಾರಿಸುತ್ತಿತ್ತು. 1980ರ ದಶಕದಲ್ಲಿ ಭಾನುವಾರ ಮಧ್ಯಾಹ್ನ ಬೇರೆ ಬೇರೆ ಭಾಷೆಗಳ ಪ್ರಶಸ್ತಿ ವಿಜೇತ ಚಿತ್ರಗಳು ಇಡೀ ದೇಶಕ್ಕೆ ಪ್ರಸಾರವಾಗುತ್ತಿದ್ದವು. ಒಂದೇ ಚಾನೆಲ್ಲು, ಬೇರೆ ಆಯ್ಕೆಯಿಲ್ಲ. ಕನ್ನಡ, ಮಲಯಾಳಂ, ತಮಿಳು, ತೆಲುಗು ಮಾತಾಡುವ ಮನೆಗಳು ಒತ್ತೊತ್ತಾಗಿದ್ದ ಕಾಲೊನಿಗಳಲ್ಲಿ ಮಲಯಾಳಂ ನಿರ್ದೇಶಕ ಅಡೂರರ ಚಿತ್ರವನ್ನು ಕನ್ನಡಿಗರೂ ಕಾಸರವಳ್ಳಿಯವರ ಚಿತ್ರವನ್ನು ಮಲಯಾಳಿಗಳೂ ನೋಡಿದರು. ಊಟದ ಮೇಲಿನ ತೂಕಡಿಕೆ, ಕುಕ್ಕರಿನ ಸೀಟಿ, ಕರೆಂಟು ಹೋಗುವುದು, ಇವೆಲ್ಲದರ ನಡುವೆ ಆ ಚಿತ್ರಗಳು ಸಾಗಿದವು. ಬೇಸರವೆಂಬ ಹೆಸರು ಅವಕ್ಕೆ ಗಟ್ಟಿಯಾಗಿ ಅಂಟಿಕೊಂಡದ್ದೂ ಆಗಲೇ. ಕತ್ತಲೆಯ ಸಭಾಂಗಣದಲ್ಲಿ, ದೊಡ್ಡ ಪರದೆಯ ಮೇಲೆ, ಸದ್ದಿನ ಸಣ್ಣ ಏರಿಳಿತವೂ ಕೇಳುವ ಹಾಗೆ ಮಾಡಿದ ಚಿತ್ರಕ್ಕೆ ಹದಿನಾಲ್ಕು ಅಂಗುಲದ ಡಬ್ಬಿಯೊಳಗೆ ಉಸಿರು ಕಟ್ಟಿತು. ಗಟ್ಟಿ ದನಿಯ ಸಿನಿಮಾ ಅಂಥ ಜಾಗದಲ್ಲೂ ಬದುಕುತ್ತದೆ, ಅದು ಟೆಂಟಿನ ಗದ್ದಲದಲ್ಲೇ ಬೆಳೆದದ್ದಲ್ಲವೆ?

ಆದರೂ ಆ ಮಧ್ಯಾಹ್ನಗಳು ವ್ಯರ್ಥವಾಗಲಿಲ್ಲ. ‘ತಬರನ ಕಥೆ’ಯನ್ನೇ ನೋಡಿ. ಪೂರ್ಣಚಂದ್ರ ತೇಜಸ್ವಿಯವರ ಕತೆ, 1986ರ ಸ್ವರ್ಣಕಮಲ ಪಡೆದ ಚಿತ್ರ, ತಬರಶೆಟ್ಟಿಯಾಗಿ ಚಾರುಹಾಸನ್‌ಗೆ ರಾಷ್ಟ್ರೀಯ ಪ್ರಶಸ್ತಿ. ನಿವೃತ್ತನಾದ ಒಬ್ಬ ಸಣ್ಣ ನೌಕರ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಹೆಂಡತಿಯ ಕಾಲಿನ ಗಾಯ ಕೊಳೆಯುತ್ತಾ ಹೋಗುತ್ತದೆ. ಹಣ ಬರುವ ಹೊತ್ತಿಗೆ ಅವಳಿರುವುದಿಲ್ಲ. ಕತೆಯಾಗಿ ಹೇಳಿದರೆ ಮೂರು ಸಾಲು. ಚಿತ್ರ ತುಂಬಿಕೊಂಡಿರುವುದು ಅಲೆದಾಟದಿಂದ, ಬೆಂಚಿನ ಮೇಲೆ ಕೂರುವುದರಿಂದ, ನಾಳೆ ಬಾ ಎನ್ನಿಸಿಕೊಳ್ಳುವುದರಿಂದ.

ಯುವಕನೊಬ್ಬನಿಗೆ ಇದು ನಿಧಾನವೆನ್ನಿಸಬಹುದು. ಕಚೇರಿಯ ಕಿಟಕಿಯ ಮುಂದೆ ಅರ್ಜಿ ಹಿಡಿದು ನಿಂತವನಿಗೆ ಇದು ನಿಧಾನವಲ್ಲ, ಇದ್ದದ್ದು ಇದ್ದ ಹಾಗೆ. ಜಾಲಹಳ್ಳಿಗೆ ಕಾಯುವುದೆಂದರೇನೆಂದು ಚೆನ್ನಾಗಿ ಗೊತ್ತು. 1980ರ ಡಿಸೆಂಬರ್ ಕೊನೆಯಿಂದ 1981ರ ಮಾರ್ಚ್‌ವರೆಗೆ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು 77 ದಿನ ಮುಷ್ಕರ ಹೂಡಿದರು. ಬಿಇಎಲ್, ಎಚ್‌ಎಂಟಿ, ಐಟಿಐ, ಎಚ್‌ಎಎಲ್, ಬಿಇಎಂಎಲ್ ಎಲ್ಲ ನಿಂತವು. ಸಂಬಳವಿಲ್ಲದೆ ದಿನಸಿ ಅಂಗಡಿಯ ಸಾಲದ ಪುಸ್ತಕ ತುಂಬಿದ ದಿನಗಳು ಅವು. ಮುಂದೆ ಎಚ್‌ಎಂಟಿ ವಾಚಿನ ಕಾರ್ಖಾನೆ ವರ್ಷದಿಂದ ವರ್ಷಕ್ಕೆ ಸೊರಗಿತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿ, ಉಳಿದ ನೌಕರರಿಗೆ 2007ರ ವೇತನ ಶ್ರೇಣಿಯ ಲೆಕ್ಕದಲ್ಲಿ ಸ್ವಯಂ ನಿವೃತ್ತಿ ಕೊಟ್ಟಿತು. ದೇಶಕ್ಕೆಲ್ಲ ಗಂಟೆ ನಿಮಿಷ ತೋರಿಸಿದ ಕೈಗಳು ತಮ್ಮ ಬಾಕಿಗಾಗಿ ಕಾದವು. ಆ ಕೈಗಳವರ ಮುಂದೆ ತಬರಶೆಟ್ಟಿ ಬೆಂಚಿನ ಮೇಲೆ ಕೂತರೆ ಅವರು ‘ಏನೂ ಆಗುತ್ತಿಲ್ಲ’ ಎನ್ನಲಾರರು. ನಿಧಾನವೆನ್ನುವುದು ಚಿತ್ರದೊಳಗೆ ಎಷ್ಟಿದೆಯೋ ನೋಡುಗನ ಬದುಕಿನಲ್ಲೂ ಅಷ್ಟೇ ಇದೆ.

ಜಾಲಹಳ್ಳಿಗೆ ಇನ್ನೂ ಹತ್ತಿರದ ಚಿತ್ರ ‘ಮನೆ’. 1990ರ ಹೊಸ್ತಿಲಿನಲ್ಲಿ ಟಿ.ಜಿ. ರಾಘವ ಅವರ ಕತೆಯನ್ನು ಕಾಸರವಳ್ಳಿ ಚಿತ್ರವಾಗಿಸಿದರು. ನಾಸಿರುದ್ದೀನ್ ಶಾ, ದೀಪ್ತಿ ನವಲ್, ರೋಹಿಣಿ ಹಟ್ಟಂಗಡಿ ನಟಿಸಿದರು. ಹಿಂದಿಯಲ್ಲಿ ಅದು ‘ಏಕ್ ಘರ್’. ಊರಿನ ಕೂಡುಮನೆಯ ಇಕ್ಕಟ್ಟು ಸಾಕಾಗಿ ನಗರಕ್ಕೆ ಬಂದ ಗಂಡ ಹೆಂಡತಿ ಬಾಡಿಗೆ ಮನೆ ಹಿಡಿಯುತ್ತಾರೆ. ಪಕ್ಕದಲ್ಲೊಂದು ವರ್ಕ್‌ಶಾಪಿನ ಶೆಡ್ಡು. ಹೊತ್ತುಗೊತ್ತಿಲ್ಲದ ಅದರ ಬಡಿತ ಅವರ ನಿದ್ದೆ ತಿನ್ನುತ್ತದೆ, ಮಾತು ತಿನ್ನುತ್ತದೆ, ನಿಧಾನವಾಗಿ ದಾಂಪತ್ಯವನ್ನೇ ತಿನ್ನತೊಡಗುತ್ತದೆ. ಪ್ರಭಾವ ಬಳಸಿ ಶೆಡ್ಡನ್ನು ಎಬ್ಬಿಸಿದ ಮೇಲೂ ನೆಮ್ಮದಿ ಬರುವುದಿಲ್ಲ. 1970ರ ದಶಕದಲ್ಲಿ ಕೈಗಾರಿಕಾ ವಸಾಹತಾದ ಪೀಣ್ಯದ ಸುತ್ತ ಇಂಥ ಶೆಡ್ಡುಗಳು ಗಲ್ಲಿಗೊಂದರಂತೆ ಎದ್ದಿದ್ದವು. ಗೋಡೆಯಾಚೆಯ ಪವರ್ ಪ್ರೆಸ್ಸಿನ ಬಡಿತಕ್ಕೆ ಮಗುವನ್ನು ಮಲಗಿಸಲು ಹೆಣಗಿದ ಮನೆಗಳು ಅಲ್ಲಿ ಬೇಕಾದಷ್ಟಿದ್ದವು, ಆ ಬಡಿತದಿಂದಲೇ ಅನ್ನ ತಿನ್ನುವ ಮನೆಗಳೂ ಇದ್ದವು.

‘ಮನೆ’ಯ ವಿಚಾರದಲ್ಲಿ ನೋಡುಗರು ಒಡೆಯುವ ರೀತಿಯೇ ಬೇರೆ. ಚಿತ್ರ ಯಾರ ಪಕ್ಷವನ್ನೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಗಂಡ ಹೆಂಡತಿಯ ಸಂಕಟ ನಿಜ, ಶೆಡ್ಡಿನವರ ಹೊಟ್ಟೆಪಾಡೂ ನಿಜ. ಜನಪ್ರಿಯ ಚಿತ್ರವಾಗಿದ್ದರೆ ಶೆಡ್ಡಿನ ಮಾಲೀಕ ಖಳನಾಗುತ್ತಿದ್ದ, ಇಲ್ಲವೆ ಬಾಡಿಗೆ ಮನೆಯವರು ಅಹಂಕಾರಿಗಳಾಗುತ್ತಿದ್ದರು, ಎರಡೂವರೆ ಗಂಟೆಯಲ್ಲಿ ನ್ಯಾಯ ತೀರ್ಮಾನವಾಗುತ್ತಿತ್ತು. ಇಲ್ಲಿ ತೀರ್ಮಾನ ನೋಡುಗನ ತಲೆಗೆ ಬರುತ್ತದೆ. ಕೆಲವರಿಗೆ ಇದು ಗೌರವ. ಕೆಲವರಿಗೆ ಇದು ನಿರ್ದೇಶಕ ತನ್ನ ಕೆಲಸ ಮುಗಿಸದೆ ಎದ್ದುಹೋದ ಹಾಗೆ. ನಿತ್ಯದ ಬದುಕಿನಲ್ಲೇ ನೂರೆಂಟು ತೀರ್ಮಾನಗಳನ್ನು ಹೊತ್ತವರು ಸಿನಿಮಾದಲ್ಲಾದರೂ ಅದು ಬೇಡ ಎಂದರೆ ಆ ಬೇಡಿಕೆಯನ್ನು ಹಗುರವಾಗಿ ನೋಡುವುದು ತಪ್ಪು.

ಹೀಗೆ ಹೇಳಿದ ಮಾತ್ರಕ್ಕೆ ಮೆಲುದನಿಯ ಚಿತ್ರಗಳೆಲ್ಲ ಒಳ್ಳೆಯವೆಂದಲ್ಲ. ರಾಜ್ಯದ ಸಹಾಯಧನಕ್ಕೆ, ಪ್ರಶಸ್ತಿ ಸಮಿತಿಗಳ ಕಣ್ಣಿಗೆ ಎಂದೇ ತಯಾರಾದ ಚಿತ್ರಗಳು ಕನ್ನಡದಲ್ಲಿ ಕಡಿಮೆಯಿಲ್ಲ. ಅವುಗಳ ಮೌನದೊಳಗೆ ಏನೂ ಇರುವುದಿಲ್ಲ. ಪಾತ್ರ ಗೋಡೆ ನೋಡುತ್ತಾ ಕೂತಿದೆಯೆಂದರೆ ಅದಕ್ಕೆ ಯೋಚಿಸಲು ಏನಾದರೂ ಇರಬೇಕು. ಇಲ್ಲದಿದ್ದಾಗ ನೋಡುಗ ಎದ್ದುಹೋದರೆ ಸರಿಯಾಗಿಯೇ ಮಾಡಿದ. ಇಂಥ ಚಿತ್ರಗಳು ಮಾಡಿದ ದೊಡ್ಡ ಹಾನಿಯೆಂದರೆ ‘ಘಟಶ್ರಾದ್ಧ’ಕ್ಕೂ ‘ಫಣಿಯಮ್ಮ’ಕ್ಕೂ ಅದೇ ಹಣೆಪಟ್ಟಿ ಅಂಟಿಸಿದ್ದು. ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಪ್ರೇಮಾ ಕಾರಂತರು ಮಾಡಿದ ‘ಫಣಿಯಮ್ಮ’ದಲ್ಲಿ ಎಲ್.ವಿ. ಶಾರದಾ ಅವರ ಮುಖದ ಮೇಲೆ ಒಂದು ಶತಮಾನದ ವಿಧವೆಯರ ಮೌನವಿದೆ. ಈ ಎರಡು ಬಗೆಯ ಮೌನಕ್ಕೂ ಒಂದೇ ಹೆಸರಿಟ್ಟು ಬದಿಗೆ ಸರಿಸಿದ್ದು ಅನ್ಯಾಯ. ಇನ್ನು ಇಂಥ ಚಿತ್ರಗಳನ್ನು ಮೆಚ್ಚುವವರ ಕಡೆಯಿಂದಲೂ ತಪ್ಪು ನಡೆದಿದೆ. ‘ನಿಮಗದು ಅರ್ಥವಾಗುವುದಿಲ್ಲ ಬಿಡಿ’ ಎಂಬ ಒಂದು ಮಾತು ಎಷ್ಟು ಜನರನ್ನು ಆ ಸಿನಿಮಾದಿಂದ ದೂರ ಓಡಿಸಿತೋ, ಅಷ್ಟು ಜನರನ್ನು ಚಿತ್ರದ ನಿಧಾನ ಓಡಿಸಲಿಲ್ಲ. ಸುಬ್ಬಣ್ಣನವರು ಹೆಗ್ಗೋಡಿನಲ್ಲಿ ಆ ಮಾತನ್ನು ಆಡಲಿಲ್ಲ ಎನ್ನುವುದೇ ಅವರ ದೊಡ್ಡತನ.

2016ರಲ್ಲಿ ‘ತಿಥಿ’ ಬಂದಾಗ ಈ ಹಳೆಯ ಗೆರೆಗಳು ಸ್ವಲ್ಪ ಅಲುಗಾಡಿದವು. ರಾಮ್ ರೆಡ್ಡಿ ನಿರ್ದೇಶನ, ಈರೇಗೌಡರ ಬರವಣಿಗೆ, ಮಂಡ್ಯದ ನೊದೆಕೊಪ್ಪಲಿನ ಜನರೇ ಪಾತ್ರಧಾರಿಗಳು. ಹಿಂದಿನ ವರ್ಷವೇ ಲೊಕಾರ್ನೊ ಉತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದಿತ್ತು. ನೂರೊಂದು ವರ್ಷದ ಸೆಂಚುರಿಗೌಡ ಸಾಯುತ್ತಾನೆ, ಹನ್ನೊಂದನೇ ದಿನದ ತಿಥಿಯವರೆಗೆ ಮಗ ಗಡ್ಡಪ್ಪ, ಮೊಮ್ಮಗ ತಮ್ಮಣ್ಣ, ಮರಿಮಗ ಅಭಿ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಹಿನ್ನೆಲೆ ಸಂಗೀತ ಕಣ್ಣು ಒರೆಸುವುದಿಲ್ಲ, ಗಡ್ಡಪ್ಪ ಎರಡು ಮಾತಿಗೆ ಮೂರನೆಯದನ್ನು ಸೇರಿಸುವುದಿಲ್ಲ. ಆದರೂ ಜನ ನಕ್ಕರು, ಚಿತ್ರಮಂದಿರಗಳು ತುಂಬಿದವು. ಮಂಡ್ಯದ ಕಡೆಯಿಂದ ಬಂದು ಪೀಣ್ಯದಲ್ಲಿ ದುಡಿಯುವವನಿಗೆ ಗಡ್ಡಪ್ಪ ಪರಿಚಿತ. ಅವನ ಮೌನದ ಹಿಂದೆ ಯಾವ ಜಮೀನಿನ ಜಗಳವಿದೆ, ಯಾವ ಹಳೆಯ ನೋವಿದೆ ಎಂದು ಕೇಳದೆಯೇ ತಿಳಿಯುತ್ತದೆ. ನೋಡುಗನ ಬಳಿ ಮೊದಲೇ ಬಂಡವಾಳವಿದ್ದರೆ ಮೆಲುದನಿಯ ಚಿತ್ರ ಅವನಿಗೆ ದುಪ್ಪಟ್ಟು ಕೊಡುತ್ತದೆ. ಇದಾದ ಮೇಲೆ ಅದೇ ಕಲಾವಿದರನ್ನು ‘ತರ್ಲೆ ವಿಲೇಜ್’ನಂಥ ಹಾಸ್ಯ ಚಿತ್ರಗಳಿಗೆ ಕರೆತರಲಾಯಿತು. ಉದ್ಯಮಕ್ಕೆ ಗಡ್ಡಪ್ಪನ ಗಡ್ಡ ಕಂಡಿತು, ಅವನ ಮೌನ ಕಾಣಲಿಲ್ಲ.

ಆಮೇಲೂ ಕನ್ನಡದಲ್ಲಿ ಈ ಬಗೆಯ ಚಿತ್ರ ನಿಂತಿಲ್ಲ. 2021ರಲ್ಲಿ ನಟೇಶ್ ಹೆಗಡೆ ಅವರ ‘ಪೆದ್ರೊ’ ಬೂಸಾನ್ ಚಿತ್ರೋತ್ಸವಕ್ಕೆ ಹೋಯಿತು. ಮರುವರ್ಷ ಅದೇ ಬೂಸಾನ್‌ನಲ್ಲಿ ಜೈಶಂಕರ್ ಆರ್ಯರ್ ಅವರ ‘ಶಿವಮ್ಮ ಯರೇಹಂಚಿನಾಳ’ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು. ಕೊಪ್ಪಳದ ಹಳ್ಳಿಯೊಂದರ ಬಿಸಿಯೂಟದ ಅಡುಗೆಯವಳು ಪೌಷ್ಟಿಕ ಪುಡಿ ಮಾರಲು ಹೊರಡುವ ಕತೆ ಅದು. ಆದರೆ ರಾಜ್ಯದಲ್ಲಿ ಅದು ಬಿಡುಗಡೆಯಾದದ್ದು 2024ರ ಜೂನ್‌ನಲ್ಲಿ. ‘ಪಥೇರ್ ಪಾಂಚಾಲಿ’ಗೆ ಬಾಯಿಮಾತು ಹರಡಲು ಬೇಕಾದಷ್ಟು ದಿನ ಸಿಕ್ಕಿತ್ತು. ಇವತ್ತು ಶುಕ್ರವಾರ ಬಂದ ಸಣ್ಣ ಚಿತ್ರಕ್ಕೆ ಸೋಮವಾರಕ್ಕೇ ಪ್ರದರ್ಶನ ಕಡಿತ. ನೋಡುಗರು ಎರಡು ಪಾಲಾಗಿ ಜಗಳವಾಡಲಿಕ್ಕೂ ಮೊದಲು ಚಿತ್ರ ನೋಡಬೇಕಲ್ಲ! ನೋಡಬೇಕೆಂದರೆ ಟಿಕೆಟ್ಟೂ ಕೈಗೆಟುಕಬೇಕು. ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕುವುದಾಗಿ ರಾಜ್ಯ ಸರ್ಕಾರ 2025ರ ಬಜೆಟ್‌ನಲ್ಲಿ ಹೇಳಿತು. ಆ ಸೆಪ್ಟೆಂಬರ್‌ನಲ್ಲಿ ಹೊರಬಿದ್ದ ನಿಯಮಕ್ಕೆ ಹೈಕೋರ್ಟ್ ತಡೆ ಕೊಟ್ಟಿತು.

ಜಾಲಹಳ್ಳಿಯಲ್ಲಿ ಈಗ ಸಿನಿಮಾ ಬೇರೆ ರೂಪದಲ್ಲಿದೆ. 2015ರ ಮೇ 1ರಿಂದ ಮೆಟ್ರೊ ಓಡುತ್ತಿದೆ. ದೊಡ್ಡ ಮಾಲುಗಳ ಬಹುಪರದೆಗಳು ಕೈಗೆಟುಕುವ ದೂರದಲ್ಲಿವೆ. ಎಚ್‌ಎಂಟಿಯ ಖಾಲಿ ಜಾಗ ಸಿನಿಮಾ ಸೆಟ್ಟುಗಳ ತಾಣವಾಗಿದೆ. 2024ರಲ್ಲಿ ಭಾರೀ ಬಜೆಟ್ಟಿನ ಚಿತ್ರವೊಂದರ ಸೆಟ್ಟಿಗಾಗಿ ಅಲ್ಲಿ ಮರ ಕಡಿದರೆಂಬ ಆರೋಪ ಬಂದು, ಅರಣ್ಯ ಇಲಾಖೆ ಪ್ರಕರಣ ದಾಖಲಿಸಿ, ನಿರ್ಮಾಪಕರು ಅದನ್ನು ಅಲ್ಲಗಳೆದದ್ದು ರಾಜ್ಯದುದ್ದಕ್ಕೂ ಸುದ್ದಿಯಾಯಿತು. ಒಂದು ಕಾಲಕ್ಕೆ ಪಾಳಿ ಮುಗಿಸಿ ಸಿನಿಮಾ ಹುಡುಕಿಕೊಂಡು ಹೋಗುತ್ತಿದ್ದ ಊರಿಗೆ ಸಿನಿಮಾವೇ ಬಂದಿದೆ. ಬಾರದೆ ಉಳಿದಿರುವುದು ಕೂತು ನೋಡಿ ಮಾತಾಡುವ ಜಾಗ.

ಅಂಥ ಜಾಗ ಕಷ್ಟದ್ದೇನಲ್ಲ. ಬಿಇಎಲ್ ಕಾಲೊನಿಯಲ್ಲಿ ಸಭಾಂಗಣವಿದೆ. ಎಚ್‌ಎಂಟಿ ಆವರಣದಲ್ಲಿ 2019ರಲ್ಲಿ ತೆರೆದ ಪರಂಪರೆಯ ವಸ್ತುಸಂಗ್ರಹಾಲಯವಿದೆ, ಅಲ್ಲಿಗೆ ಹಳೆಯ ಕೈಗಡಿಯಾರ ನೋಡಲು ಹೊಸ ಪೀಳಿಗೆಯವರೂ ಬರುತ್ತಿದ್ದಾರೆ. ವಿಶ್ವದ ಹಳೆಯ ಚಿತ್ರಗಳ ಸಾಲಿನಲ್ಲಿ ‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಗಿದೆ. ವೆನಿಸ್ ನೋಡಿದ್ದನ್ನು ಜಾಲಹಳ್ಳಿ ನೋಡಬಾರದೇಕೆ? ಚಲನಚಿತ್ರ ಅಕಾಡೆಮಿಯೂ ಕಾರ್ಖಾನೆಗಳ ಕನ್ನಡ ಸಂಘಗಳೂ ಕೈಜೋಡಿಸಿ ತಿಂಗಳಿಗೊಂದು ಭಾನುವಾರ ಅಲ್ಲಿ ‘ತಬರನ ಕಥೆ’ಯನ್ನೋ ‘ಮನೆ’ಯನ್ನೋ ದೊಡ್ಡ ಪರದೆಯ ಮೇಲೆ, ಪೂರ್ತಿ ಕತ್ತಲೆಯಲ್ಲಿ ತೋರಿಸಲಿ. ನಿವೃತ್ತ ಕಾರ್ಮಿಕರನ್ನೂ ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನೂ ಹೊಸ ಅಪಾರ್ಟ್‌ಮೆಂಟುಗಳ ಸಾಫ್ಟ್‌ವೇರ್ ಹುಡುಗರನ್ನೂ ಒಟ್ಟಿಗೆ ಕೂರಿಸಲಿ. ಮುಗಿದ ಮೇಲೆ ದೀಪ ಹಾಕಿ, ಬೇಸರವಾಯಿತು ಎಂದವರಿಗೇ ಮೊದಲು ಮಾತಾಡಲು ಬಿಡಲಿ.